ಹಳೆಯ ಮನೆ-ಮ್ಯೂಸಿಯಂಗಳನ್ನು ಅಂಗವೈಕಲ್ಯವಿರುವ ಸಂದರ್ಶಕರಿಗೆ ತೆರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬಾಗಿಲ ಮುಂದೆ ರ‍್ಯಾಂಪ್ ಹಾಕಿಸಿಯಾಯಿತು, ಗಾಲಿಕುರ್ಚಿಯ ಚಿತ್ರವಿರುವ ನೀಲಿ ಫಲಕವನ್ನೂ ತೂಗುಹಾಕಿಯಾಯಿತು. ಆದರೂ ಗಾಲಿಕುರ್ಚಿಯಲ್ಲಿ ಬಂದವರು ಮೊದಲ ಕೋಣೆಯಿಂದಲೇ ಮರಳಿಹೋಗುತ್ತಿದ್ದಾರೆ ಎಂಬ ಮಾತು ಹಳೆಯ ಮನೆಗಳನ್ನು ಮ್ಯೂಸಿಯಂ ಆಗಿ ನಡೆಸುತ್ತಿರುವವರಿಂದ ಪದೇ ಪದೇ ಕೇಳಿಬರುತ್ತದೆ. ಇಂಥ ಕಡೆಗಳಲ್ಲಿ ಹಣ ಸಾಲದೆ ಕೆಟ್ಟ ಕೆಲಸಕ್ಕಿಂತ ಕ್ರಮ ತಪ್ಪಿ ಕೆಟ್ಟ ಕೆಲಸವೇ ಹೆಚ್ಚು. ಅಳತೆ ಮುಗಿಯುವ ಮುಂಚೆಯೇ ಗುತ್ತಿಗೆದಾರ ಬಂದಿರುತ್ತಾನೆ, ಬಳಸುವವರನ್ನು ಕೇಳುವ ಮುಂಚೆಯೇ ನಕ್ಷೆಗೆ ಸಹಿ ಬಿದ್ದಿರುತ್ತದೆ, ಬೆಂಕಿ ಬಿದ್ದಾಗ ಕೆಳಗಿಳಿಸುವ ದಾರಿ ಗೊತ್ತಾಗುವ ಮುಂಚೆಯೇ ಮೇಲಕ್ಕೆ ಹತ್ತಿಸುವ ಯಂತ್ರ ಬಂದಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು.

ಇಲ್ಲಿ ಕೊಟ್ಟಿರುವ ಅಳತೆಗಳಲ್ಲಿ ಹೆಚ್ಚಿನವು ಅಮೆರಿಕದ ಅಂಗವಿಕಲರ ಕಾಯ್ದೆಯ (ಎಡಿಎ) 2010ರ ವಿನ್ಯಾಸ ಮಾನದಂಡಗಳಿಂದ ಬಂದಿದ್ದು, ಸುಲಭವಾಗುವಂತೆ ಸೆಂಟಿಮೀಟರಿಗೆ ಇಳಿಸಿದೆ. ನಿಮ್ಮ ದೇಶದ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಮ್ಯೂಸಿಯಂಗಳನ್ನೂ ಸ್ಮಾರಕಗಳನ್ನೂ ಹೆಸರಿಸಿಯೇ ಹೇಳುತ್ತದೆ. ಆದ್ದರಿಂದ ಇದು ದಾನಧರ್ಮದ ಕೆಲಸ ಎಂದು ಯಾರಾದರೂ ಸಭೆಯಲ್ಲಿ ಮಾತು ತೆಗೆದರೆ ಆ ವಿಧಿಯನ್ನು ಓದಿಹೇಳಿ ಮುಂದುವರಿಯಬಹುದು.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ಬೇಕಾಗುವುದು ಹೆಚ್ಚೇನಿಲ್ಲ. ಐದು ಮೀಟರಿನ ಅಳತೆಯ ಟೇಪು, ರಸಮಟ್ಟ, ಇಳಿಜಾರಿನ ಡಿಗ್ರಿ ತೋರಿಸುವ ಮೊಬೈಲ್ ಆ್ಯಪ್, ಬೆಳಕನ್ನು ಅಳೆಯುವ ಲಕ್ಸ್ ಮೀಟರ್, ಬಾಗಿಲು ತಳ್ಳಲು ಬೇಕಾಗುವ ಬಲವನ್ನು ನೋಡಲು ಸ್ಪ್ರಿಂಗ್ ತಕ್ಕಡಿ, ಮನೆಯ ಪ್ರತಿ ಮಹಡಿಯ ನಕ್ಷೆಯ ನಾಲ್ಕಾರು ಪ್ರತಿಗಳು ಸಾಕು. ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಒಂದು ದಪ್ಪ ರಟ್ಟಿನ ಹಾಳೆ. ಅದನ್ನು 76 ಸೆಂ.ಮೀ. ಅಗಲ, 122 ಸೆಂ.ಮೀ. ಉದ್ದಕ್ಕೆ ಕತ್ತರಿಸಿಕೊಳ್ಳಿ. ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬರು ನಿಲ್ಲಲು ಬೇಕಾಗುವ ಜಾಗ ಅಷ್ಟು. ಇಬ್ಬರು ಈ ರಟ್ಟನ್ನು ನೆಲದ ಮೇಲೆ ಮಲಗಿಸಿ, ಎತ್ತದೆ, ಗೇಟಿನಿಂದ ಕೊನೆಯ ಕೋಣೆಯವರೆಗೆ ಜರುಗಿಸಿಕೊಂಡು ಹೋದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಹಂತ 1: ಗೇಟಿನಿಂದ ಗೇಟಿನವರೆಗೆ ಅಳೆಯಿರಿ

ಅಳತೆಯನ್ನು ಮುಂಬಾಗಿಲಿನಿಂದ ಶುರುಮಾಡುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಸಂದರ್ಶಕರು ವಾಹನದಿಂದ ಇಳಿಯುವ ಜಾಗ, ಟಿಕೆಟ್ ಕಿಟಕಿ, ತೋಟದ ಹಾದಿ, ಮೆಟ್ಟಿಲು, ಬಾಗಿಲು, ಪ್ರತಿಯೊಂದು ಕೋಣೆ, ಶೌಚಾಲಯ, ಹೊರಬರುವ ದಾರಿ ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಒಳಗಿನ ಹತ್ತು ಕೋಣೆಗಳು ಸಮತಟ್ಟಾಗಿದ್ದರೂ ಗೇಟಿನಿಂದ ಬಾಗಿಲವರೆಗೆ ಜಲ್ಲಿಕಲ್ಲು ಹರಡಿದ್ದರೆ ಗಾಲಿಕುರ್ಚಿಯ ಸಣ್ಣ ಮುಂಗಾಲಿಗಳು ಅಲ್ಲೇ ಹೂತುಕೊಳ್ಳುತ್ತವೆ. ನಕ್ಷೆಯ ಮೇಲೆ ಈ ದಾರಿಯನ್ನು ಒಂದೇ ಗೆರೆಯಾಗಿ ಎಳೆದು, ಅಡ್ಡಿಯಾಗುವ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಕೊಡಿ. ಮುಂದಿನ ಎಲ್ಲ ಹಂತಗಳಲ್ಲೂ ಆ ಸಂಖ್ಯೆಗಳನ್ನೇ ಹಿಡಿದು ಮಾತನಾಡಬೇಕು.

ಬಾಗಿಲಿನ ಅಳತೆಯಲ್ಲಿ ಎಡವುವವರು ಬಹಳ ಜನ. ಬಾಗಿಲುವಾಡದ ಒಳ ಅಗಲ 86 ಸೆಂ.ಮೀ. ಇದೆ ಎಂದುಕೊಳ್ಳೋಣ. ಕದವನ್ನು ಪೂರ್ತಿ ನೇರಕ್ಕೆ, ಅಂದರೆ 90 ಡಿಗ್ರಿಗೆ ತೆರೆದಾಗ ಕದದ 4 ಸೆಂ.ಮೀ. ದಪ್ಪ ಆ ಅಗಲದೊಳಗೇ ನಿಲ್ಲುತ್ತದೆ. ಎದುರು ಬದಿಯಲ್ಲಿ ಕದ ಬಂದು ತಾಗುವ ಪಟ್ಟಿ ಇನ್ನೂ 2 ಸೆಂ.ಮೀ. ತಿನ್ನುತ್ತದೆ. ಉಳಿಯುವುದು 80 ಸೆಂ.ಮೀ. ಬೇಕಾಗಿರುವ ಕನಿಷ್ಠ ತೆರಪು 81.5 ಸೆಂ.ಮೀ. ಕಾಗದದ ಮೇಲೆ ತೇರ್ಗಡೆಯಾದ ಬಾಗಿಲು ಒಂದೂವರೆ ಸೆಂಟಿಮೀಟರಿನಿಂದ ಸೋಲುವುದು ಹೀಗೆ. ಯಾವಾಗಲೂ ತೆರೆದ ಕದದ ಮುಖದಿಂದ ಎದುರಿನ ಪಟ್ಟಿಯವರೆಗೆ ಅಳೆಯಿರಿ.

ಗಾಲಿಕುರ್ಚಿ ಪೂರ್ತಿ ಒಂದು ಸುತ್ತು ತಿರುಗಲು 152 ಸೆಂ.ಮೀ. ವ್ಯಾಸದ ಖಾಲಿ ಜಾಗ ಬೇಕು. ಪ್ರತಿ ಕೋಣೆಯಲ್ಲೂ ಅಷ್ಟು ಜಾಗ ಇರಲೇಬೇಕೆಂದಿಲ್ಲ. ಆದರೆ ತಿರುಗಲು ಜಾಗವಿಲ್ಲದ ಒಂದೇ ಬಾಗಿಲಿನ ಕೋಣೆಗೆ ಹೋದವರು ಹಿಮ್ಮುಖವಾಗಿಯೇ ಹೊರಬರಬೇಕಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಡಬೇಕು.

ಎಚ್ಚರಿಕೆಯ ಗುರುತು: ನಿಮ್ಮ ಸಮೀಕ್ಷೆಯ ಹಾಳೆಯಲ್ಲಿ "ಇದೆ", "ಇಲ್ಲ" ಎಂಬ ಉತ್ತರಗಳೇ ತುಂಬಿದ್ದು ಸೆಂಟಿಮೀಟರುಗಳು ಕಾಣದಿದ್ದರೆ ಆ ಸಮೀಕ್ಷೆಯನ್ನು ಮತ್ತೆ ಮಾಡಬೇಕು.

ಹಂತ 2: ಯಾವುದನ್ನು ಮುಟ್ಟಬಾರದು ಎಂದು ಬರೆದಿಡಿ

ಸಾಧಾರಣ ಮ್ಯೂಸಿಯಂ ಕಟ್ಟಡದಲ್ಲಿ ವಸ್ತುಗಳು ಪ್ರದರ್ಶನಕ್ಕಿರುತ್ತವೆ, ಗೋಡೆ ಅವನ್ನು ಕಾಯುತ್ತದೆ. ಮನೆ-ಮ್ಯೂಸಿಯಂನಲ್ಲಿ ಗೋಡೆ, ಹೊಸ್ತಿಲು, ಸವೆದ ಮೆಟ್ಟಿಲು, ಬಾಗಿಲ ಚಿಲಕ ಎಲ್ಲವೂ ಪ್ರದರ್ಶನವೇ. ಆದ್ದರಿಂದ ಸಂರಕ್ಷಣೆಯಲ್ಲಿ ಅನುಭವವಿರುವ ವಾಸ್ತುಶಿಲ್ಪಿಯೊಡನೆ ಕುಳಿತು ನಕ್ಷೆಗೆ ಮೂರು ಬಣ್ಣ ಹಾಕಿ: ಎಂದೂ ಮುಟ್ಟಬಾರದ್ದಕ್ಕೆ ಕೆಂಪು, ಮತ್ತೆ ತೆಗೆಯಬಹುದಾದ ಬದಲಾವಣೆಗೆ ಮಾತ್ರ ಅವಕಾಶವಿರುವಲ್ಲಿ ಹಳದಿ, ಈಚೆಗೆ ಕಟ್ಟಿದ ಅಥವಾ ಈಗಾಗಲೇ ಮೂಲರೂಪ ಕಳೆದುಕೊಂಡ ಭಾಗಗಳಿಗೆ ಹಸಿರು. ಸ್ಮಾರಕ ಸಂರಕ್ಷಣೆಯ ಬಗೆಗಿನ 1964ರ ವೆನಿಸ್ ಸನ್ನದು, ಸ್ಮಾರಕಗಳು ಸಮಾಜದ ಉಪಯೋಗಕ್ಕೆ ಬರುವುದು ಒಳ್ಳೆಯದೆನ್ನುತ್ತಲೇ ಕಟ್ಟಡದ ವಿನ್ಯಾಸ ಮತ್ತು ಅಲಂಕಾರ ಕೆಡಬಾರದು ಎನ್ನುತ್ತದೆ; ಆಸ್ಟ್ರೇಲಿಯಾದ ಬರ‍್ರಾ ಸನ್ನದು ಅಗತ್ಯವಿರುವಷ್ಟು ಬದಲಾವಣೆ ಮಾಡಿ, ಆದರೆ ಆದಷ್ಟು ಕಡಿಮೆ ಮಾಡಿ ಎನ್ನುತ್ತದೆ. ದಿನನಿತ್ಯದ ನಿರ್ಧಾರಗಳಿಗೆ ಈ ಎರಡು ಮಾತು ಸಾಕಾಗುತ್ತವೆ.

ಹೀಗೆ ಬಣ್ಣ ಹಾಕುವಾಗ ಎರಡು ಕಡೆಯಿಂದಲೂ ಅತಿರೇಕ ನಡೆಯುತ್ತದೆ. ಒಂದು ಕಡೆ ಇಡೀ ಮನೆಗೆ ಕೆಂಪು ಬಳಿದು ಏನೂ ಮಾಡಲಾಗದು ಎಂದು ಕೈಚೆಲ್ಲುವವರು, ಇನ್ನೊಂದು ಕಡೆ "ಇದು ತಾತ್ಕಾಲಿಕ" ಎಂದು ಹೇಳಿ ಕಲ್ಲಿಗೆ ರಂಧ್ರ ಕೊರೆಯುವವರು. ನಿಜವಾಗಿಯೂ ಮರಳಿ ತೆಗೆಯಬಹುದಾದದ್ದು ಯಾವುದೆಂದರೆ, ತೆಗೆದ ಮೇಲೆ ಅದು ಅಲ್ಲಿತ್ತು ಎಂದು ಹೇಳಲಾಗದಂಥದ್ದು.

ಹಂತ 3: ಬಳಸುವವರನ್ನು ನಕ್ಷೆಗೆ ಮುಂಚೆ ಕರೆಯಿರಿ

ಕೆಲಸ ಮುಗಿದು ಉದ್ಘಾಟನೆಯ ದಿನ ಗಾಲಿಕುರ್ಚಿಯಲ್ಲಿರುವ ಒಬ್ಬರನ್ನು ಕರೆಸಿ ಫೋಟೊ ತೆಗೆಸಿಕೊಳ್ಳುವುದು ರೂಢಿಯಾಗಿದೆ. ಅವರನ್ನು ಕರೆಯಬೇಕಾಗಿದ್ದದ್ದು ಈ ಹಂತದಲ್ಲಿ, ಮತ್ತು ಅವರೊಬ್ಬರನ್ನೇ ಅಲ್ಲ. ಕೈಯಿಂದ ತಳ್ಳುವ ಗಾಲಿಕುರ್ಚಿ ಬಳಸುವವರು, ವಿದ್ಯುತ್ ಗಾಲಿಕುರ್ಚಿ ಬಳಸುವವರು, ಊರುಗೋಲು ಅಥವಾ ವಾಕರ್ ಹಿಡಿದು ನಡೆಯುವವರು, ಕಣ್ಣು ಕಾಣದವರು, ಮಂದದೃಷ್ಟಿಯವರು, ಸಂಜ್ಞಾ ಭಾಷೆಯಲ್ಲಿ ಮಾತನಾಡುವ ಕಿವುಡರು, ಶ್ರವಣಯಂತ್ರ ಹಾಕಿಕೊಳ್ಳುವವರು, ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯವಿರುವವರು ಹಾಗೂ ಅವರ ಮನೆಯವರು ಹೀಗೆ ಏಳೆಂಟು ಜನರ ಗುಂಪು ಬೇಕು. ವಾಸ್ತುಶಿಲ್ಪಿಗೆ ಶುಲ್ಕ ಕೊಡುವಂತೆ ಇವರ ಸಮಯಕ್ಕೂ ಸಂಭಾವನೆ ಕೊಡಬೇಕು. ಇದು ಪರಿಣತರ ಸಲಹೆಯೇ ಹೊರತು ಉಪಕಾರವಲ್ಲ.

ಬೇಡಿಕೆಗಳು ಒಂದಕ್ಕೊಂದು ಎದುರಾಗುವುದೂ ಇಲ್ಲೇ ಕಾಣುತ್ತದೆ. ಗಾಲಿಕುರ್ಚಿಯವರಿಗೆ ಹೊಸ್ತಿಲು ಪೂರ್ತಿ ಸಮವಾಗಿದ್ದರೆ ಅನುಕೂಲ, ಬಿಳಿಕೋಲಿನವರಿಗೆ ಕೋಣೆ ಬದಲಾದದ್ದು ತಿಳಿಯಲು ಕಾಲಡಿಯಲ್ಲಿ ಏನಾದರೂ ವ್ಯತ್ಯಾಸ ಬೇಕು. ವಾಕರ್ ಹಿಡಿದು ನಡೆಯುವ ಕೆಲವರಿಗೆ ಉದ್ದನೆಯ ರ‍್ಯಾಂಪ್‌ಗಿಂತ ಹಿಡಿಕಂಬಿಯಿರುವ ಮೂರು ಮೆಟ್ಟಿಲುಗಳೇ ಲೇಸು. ಇಂಥವನ್ನು ಕಾಗದದ ಮೇಲಿರುವಾಗಲೇ ಬಗೆಹರಿಸಿಕೊಂಡರೆ ಗಾರೆ ಒಡೆಯುವ ಕೆಲಸ ತಪ್ಪುತ್ತದೆ.

ಸಿಬ್ಬಂದಿಯೇ ಗಾಲಿಕುರ್ಚಿಯಲ್ಲಿ ಕುಳಿತು ಅರ್ಧ ಗಂಟೆ ಓಡಾಡಿ "ಪರೀಕ್ಷೆ ಮುಗಿಯಿತು" ಎಂದು ಬರೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕಾಲಿನಲ್ಲಿ ಬಲವಿರುವವರ ಮೈ ಕುರ್ಚಿಯಲ್ಲಿ ಬೇರೆ ರೀತಿಯಲ್ಲಿಯೇ ತೂಗುತ್ತದೆ.

ಹಂತ 4: ಮೆಟ್ಟಿಲು ಮತ್ತು ರ‍್ಯಾಂಪ್

ರ‍್ಯಾಂಪ್‌ನ ಗರಿಷ್ಠ ಇಳಿಜಾರು 1:12. ಅಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಹನ್ನೆರಡು ಸೆಂಟಿಮೀಟರ್ ಉದ್ದ. ಲೆಕ್ಕ ಸುಲಭ, ಆದರೆ ಉತ್ತರ ಕೇಳಿದವರು ಬೆಚ್ಚುತ್ತಾರೆ. ತಲಾ 17 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳಿದ್ದರೆ ಒಟ್ಟು ಎತ್ತರ 51 ಸೆಂ.ಮೀ.; ಅದನ್ನು ಹನ್ನೆರಡರಿಂದ ಗುಣಿಸಿದರೆ 612 ಸೆಂ.ಮೀ., ಅಂದರೆ ಆರು ಮೀಟರಿಗೂ ಹೆಚ್ಚು. ಇದರ ಮೇಲೆ ಬುಡದಲ್ಲಿ ಮತ್ತು ತುದಿಯಲ್ಲಿ ತಲಾ 152 ಸೆಂ.ಮೀ. ಸಮತಟ್ಟು ಜಾಗ ಬೇಕು. ಮುಂದೆ ಅಷ್ಟು ಜಾಗವಿಲ್ಲವೆಂದು ಇದೇ ಎತ್ತರಕ್ಕೆ ಎರಡೂವರೆ ಮೀಟರಿನ ರ‍್ಯಾಂಪ್ ಕಟ್ಟಿದರೆ ಇಳಿಜಾರು ಹತ್ತಿರ ಹತ್ತಿರ 1:5 ಆಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ 1:12 ಎಂಬುದು ಸುಮಾರು 4.8 ಡಿಗ್ರಿ, ಈ ಗಿಡ್ಡ ರ‍್ಯಾಂಪ್ ಸುಮಾರು 11.5 ಡಿಗ್ರಿ. ಅದರಲ್ಲಿ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚಬಹುದು, ಇಳಿಯುವಾಗ ಕೈಗಳಿಂದ ಗಾಲಿ ಹಿಡಿದು ನಿಲ್ಲಿಸಲಾಗದು. ಇಂಥದ್ದನ್ನು ಕಟ್ಟುವುದಕ್ಕಿಂತ ಕಟ್ಟದಿರುವುದು ಮೇಲು.

ಜಾಗ ಸಾಲದಿದ್ದಾಗ ಮೂರು ದಾರಿಗಳಿವೆ. ಮೊದಲನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು, ತೋಟದ ಹಾದಿಯನ್ನೇ ದೂರದಿಂದ ನಿಧಾನವಾಗಿ ಏರಿಸಿಕೊಂಡು ಬರುವುದು. ಏರು 1:20ಕ್ಕಿಂತ ಕಡಿದಾಗದಿದ್ದರೆ ಅದನ್ನು ಮಾಮೂಲಿ ಹಾದಿಯೆಂದೇ ಎಣಿಸುತ್ತಾರೆ, ಹಿಡಿಕಂಬಿಯೂ ಕಡ್ಡಾಯವಲ್ಲ, ಮನೆಯ ಮುಖವೂ ಬದಲಾಗುವುದಿಲ್ಲ. ಎರಡನೆಯದು, ನೆಲಮಟ್ಟಕ್ಕೆ ಹತ್ತಿರವಿರುವ ಪಕ್ಕದ ಬಾಗಿಲನ್ನು ಬಳಸುವುದು. ಆದರೆ ಅದನ್ನು "ಅಂಗವಿಕಲರ ಬಾಗಿಲು" ಮಾಡಬೇಡಿ. ಎಲ್ಲ ಸಂದರ್ಶಕರೂ ಅಲ್ಲಿಂದಲೇ ಒಳಬರುವಂತೆ ಟಿಕೆಟ್ ಕಿಟಕಿಯನ್ನೂ ಮನೆಯ ಕಥೆ ಹೇಳುವ ಜಾಗವನ್ನೂ ಅಲ್ಲಿಗೇ ಸಾಗಿಸಿ. ಕಸದ ಡಬ್ಬಗಳ ನಡುವೆ, ಬೆಲ್ ಒತ್ತಿ ಕಾವಲುಗಾರ ಬರುವವರೆಗೆ ಕಾಯುವ ಹಿಂಬಾಗಿಲು ಪ್ರವೇಶ ಎನಿಸಿಕೊಳ್ಳುವುದಿಲ್ಲ. ಮೂರನೆಯದು, ಸಣ್ಣ ಎತ್ತರಕ್ಕೆ ನೇರವಾಗಿ ಏರುವ ವೇದಿಕೆ ಲಿಫ್ಟ್. ಜಾಗ ಕಡಿಮೆ ಸಾಕು, ಆದರೆ ಕರೆಂಟು ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆ ಅದರಲ್ಲಿರಲೇಬೇಕು.

ರ‍್ಯಾಂಪ್ ಕಟ್ಟುವುದೇ ಆದರೆ ಈ ವಿವರಗಳನ್ನು ಗುತ್ತಿಗೆಯ ಪತ್ರದಲ್ಲೇ ಬರೆಸಿ. ಅಗಲ ಕನಿಷ್ಠ 91.5 ಸೆಂ.ಮೀ.; ಒಂದೇ ಓಟದಲ್ಲಿ 76 ಸೆಂ.ಮೀ.ಗಿಂತ ಹೆಚ್ಚು ಏರಬಾರದು, ಹೆಚ್ಚಿದ್ದರೆ ನಡುವೆ ಸಮತಟ್ಟು ತಂಗುಜಾಗ ಬೇಕು. ಎರಡೂ ಬದಿಗೆ 86.5 ರಿಂದ 96.5 ಸೆಂ.ಮೀ. ಎತ್ತರದ ಹಿಡಿಕಂಬಿ ಇದ್ದು, ಅದು ಎರಡೂ ತುದಿಗಳಲ್ಲಿ 30 ಸೆಂ.ಮೀ. ಮುಂದಕ್ಕೆ ಚಾಚಿರಬೇಕು; ಅಂಚಿನಿಂದ ಗಾಲಿ ಜಾರದಂತೆ 10 ಸೆಂ.ಮೀ. ತಡೆ ಇರಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗೆ ಸಿಮೆಂಟ್ ಕಾಂಕ್ರೀಟ್ ರ‍್ಯಾಂಪನ್ನು ಒತ್ತಿ ಕಟ್ಟಿಸಿದರೆ ಗೋಡೆಯ ತೇವ ಹೊರಹೋಗಲು ದಾರಿಯಿಲ್ಲದೆ ಒಳಗಿನ ಗಿಲಾವು ಉದುರತೊಡಗುತ್ತದೆ. ರ‍್ಯಾಂಪು ತನ್ನ ಕಾಲ ಮೇಲೆ ತಾನೇ ನಿಂತು, ಗೋಡೆಗೂ ಅದಕ್ಕೂ ನಡುವೆ ನೀರು ಹರಿಯುವಷ್ಟು ಸಂದು ಇರಬೇಕು.

ಎಚ್ಚರಿಕೆಯ ಗುರುತು: ರ‍್ಯಾಂಪ್ ಮೇಲೆ ಬರುವವರನ್ನು ಸಿಬ್ಬಂದಿ ಓಡಿಬಂದು ಹಿಂದಿನಿಂದ ತಳ್ಳುತ್ತಿದ್ದರೆ, ಅವರ ಸೌಜನ್ಯವನ್ನು ಹೊಗಳುವ ಮೊದಲು ಇಳಿಜಾರನ್ನು ಮತ್ತೆ ಅಳೆಯಿರಿ.

ಹಂತ 5: ಹೊಸ್ತಿಲು, ಬಾಗಿಲು, ನೆಲ

ಹೊಸ್ತಿಲ ಮುಂದೆ ಏನಾಗುತ್ತದೆ ಎಂದು ಒಮ್ಮೆ ಬಗ್ಗಿ ನೋಡಿ. ನಾಲ್ಕು ಸೆಂಟಿಮೀಟರ್ ಎತ್ತರದ ಮರದ ಹೊಸ್ತಿಲಿಗೆ ಕುರ್ಚಿಯ ಎರಡು ಸಣ್ಣ ಮುಂಗಾಲಿಗಳು ಬಂದು ಢಿಕ್ಕಿ ಹೊಡೆಯುತ್ತವೆ. ಕುರ್ಚಿ ತಟಕ್ಕನೆ ನಿಲ್ಲುತ್ತದೆ, ಕುಳಿತವರ ಮೈ ಮುಂದಕ್ಕೆ ವಾಲುತ್ತದೆ, ತೊಡೆಯ ಮೇಲಿದ್ದ ಚೀಲ ಜಾರಿ ಬೀಳುತ್ತದೆ. ಹಿಂದಿರುವವರು ಹಿಡಿಕೆಯನ್ನು ಕೆಳಕ್ಕೆ ಒತ್ತಿ ಮುಂಗಾಲಿಗಳನ್ನು ಎತ್ತಿ ದಾಟಿಸುತ್ತಾರೆ, ಹಿಂಗಾಲಿಗಳನ್ನು ದಬ್ಬಿ ಹತ್ತಿಸುತ್ತಾರೆ, ಪ್ರತಿ ಬಾರಿಯೂ ಹೊಸ್ತಿಲ ಅಂಚಿನಿಂದ ಮರದ ಚಕ್ಕೆಯೊಂದು ಏಳುತ್ತದೆ. ಹೀಗೆ ಎಂಟು ಬಾಗಿಲು. ಬಂದವರಿಗೂ ಹಿಂಸೆ, ಹೊಸ್ತಿಲಿಗೂ ಹಿಂಸೆ.

ದಾಟಬಹುದಾದ ಎತ್ತರದ ಮಿತಿ 13 ಮಿ.ಮೀ., ಅದೂ ಅಂಚು ಓರೆಯಾಗಿದ್ದರೆ. ಅದಕ್ಕಿಂತ ಎತ್ತರದ ಮೂಲ ಹೊಸ್ತಿಲನ್ನು ಕತ್ತರಿಸಬಾರದು. ಎರಡೂ ಬದಿಗೆ ಇಳಿಜಾರಿರುವ ಮರದ ಹೊದಿಕೆಯೊಂದನ್ನು ಬಡಗಿಯಿಂದ ಮಾಡಿಸಿ, ಅಡಿಗೆ ದಪ್ಪ ಉಣ್ಣೆಯ ಹಾಸು ಕೊಟ್ಟು, ಮೊಳೆ ಹೊಡೆಯದೆ ಕೂರಿಸಿ. ಅದರ ಬಣ್ಣ ನೆಲದ ಬಣ್ಣಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿದ್ದರೆ ಮಂದದೃಷ್ಟಿಯವರು ಎಡವುವುದಿಲ್ಲ.

ಹಂತ 1ರಲ್ಲಿ ಒಂದೂವರೆ ಸೆಂಟಿಮೀಟರಿನಿಂದ ಸೋತ ಬಾಗಿಲಿಗೆ ಪರಿಹಾರ ಅಗ್ಗದಲ್ಲೇ ಇದೆ. ಕದವನ್ನು ಬಾಗಿಲುವಾಡದಿಂದ ಪೂರ್ತಿ ಆಚೆಗೆ ಸರಿಸಿ ತೆರೆಯುವ, ಮೊಣಕೈಯಂತೆ ಬಾಗಿದ ಹಿಂಜುಗಳು ಸಿಗುತ್ತವೆ. ಅವನ್ನು ಹಾಕಿದರೆ ಕದದ ದಪ್ಪದಷ್ಟು ಜಾಗ, ಅಂದರೆ ನಮ್ಮ ಉದಾಹರಣೆಯಲ್ಲಿ 4 ಸೆಂ.ಮೀ., ಮರಳಿ ಸಿಕ್ಕಿ ತೆರಪು 84ಕ್ಕೆ ಏರುತ್ತದೆ. ಹಳೆಯ ತಿರುಪುಗಳ ರಂಧ್ರಗಳಿಗೇ ಹೊಂದುವ ಹಿಂಜು ಸಿಕ್ಕರೆ ಇನ್ನೂ ಒಳ್ಳೆಯದು. ಮೂಲ ಹಿಂಜುಗಳನ್ನು ಎಸೆಯದೆ, ಯಾವ ಬಾಗಿಲಿನದು ಎಂದು ಚೀಟಿ ಕಟ್ಟಿ ತೆಗೆದಿಡಿ. ಅದೂ ಆಗದಿದ್ದರೆ ಕದವನ್ನೇ ಬಿಚ್ಚಿ ಉಗ್ರಾಣದಲ್ಲಿಡಬಹುದು. ಆದರೆ ಅಗಲ ಮಾಡಲೆಂದು ಕದದ ಅಂಚನ್ನು ಎಂದೂ ಹೆರೆಯಬಾರದು: ಮೂಲ ಮರ ಹೋಗುವುದು ಒಂದು ಕಡೆ, ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚಾಗಿರುವುದರಿಂದ ಆ ಧೂಳು ಕೆಲಸಗಾರರಿಗೂ ಸಂದರ್ಶಕರಿಗೂ ವಿಷವಾಗುತ್ತದೆ.

ನೆಲದ ವಿಚಾರಕ್ಕೆ ಬಂದರೆ, ವಿದ್ಯುತ್ ಗಾಲಿಕುರ್ಚಿಯೊಂದೇ ನೂರು ಕಿಲೋಗಿಂತ ಹೆಚ್ಚು ತೂಗಬಲ್ಲದು, ಕುಳಿತವರ ತೂಕ ಸೇರಿದರೆ ಇನ್ನೂರರ ಹತ್ತಿರ ಹೋಗುತ್ತದೆ, ಮತ್ತು ಆ ಭಾರವೆಲ್ಲ ನಾಲ್ಕು ಸಣ್ಣ ಬಿಂದುಗಳ ಮೇಲೆ ಬೀಳುತ್ತದೆ. ಮರದ ಹಲಗೆಯ ನೆಲವಿದ್ದರೆ ಕೆಳಗಿನ ತೊಲೆಗಳನ್ನು ಇಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಗಾಲಿ ನಿಂತಲ್ಲೇ ತಿರುಗುವಾಗ ನೆಲ ಹೆಚ್ಚು ಸವೆಯುವುದರಿಂದ ತಿರುಗುವ ಜಾಗಗಳಿಗೆ ಮಾತ್ರ ಗಟ್ಟಿ ಹಲಗೆಯ ಹೊದಿಕೆ ಹಾಸಿದರೂ ಸಾಕಾಗುತ್ತದೆ. ಅಂಟುಪಟ್ಟಿ ಹಚ್ಚಿ ಹಾಸಬೇಡಿ. ಕಿತ್ತಾಗ ನೆಲದ ಮೆರುಗೂ ಅದರೊಡನೆ ಬರುತ್ತದೆ. ಸಡಿಲವಾದ ಜಮಖಾನೆಗಳನ್ನು ದಾರಿಯಿಂದ ತೆಗೆದುಬಿಡಿ.

ಹಗ್ಗದ ತಡೆಗಳನ್ನೂ ಈಗಲೇ ನೋಡಿಕೊಳ್ಳಿ. ಬಿಳಿಕೋಲು ನೆಲವನ್ನು ಸವರುತ್ತ ಬರುತ್ತದೆ, ಹಗ್ಗದ ಅಡಿಯಿಂದ ನುಸುಳಿ ಹೋಗುತ್ತದೆ; ಹಗ್ಗ ಹೊಟ್ಟೆಗೆ ತಾಗುವ ಹೊತ್ತಿಗೆ ಕೋಲು ಪಿಂಗಾಣಿ ಪಾತ್ರೆಗೆ ತಾಗಿರುತ್ತದೆ. ನೆಲದಿಂದ 68 ಸೆಂ.ಮೀ.ಗಿಂತ ಮೇಲೆ ಗೋಡೆಯಿಂದ 10 ಸೆಂ.ಮೀ.ಗಿಂತ ಹೆಚ್ಚು ಚಾಚಿಕೊಂಡಿರುವ ಯಾವ ಕಪಾಟೂ ದೀಪವೂ ಕೋಲಿಗೆ ಸಿಗುವುದಿಲ್ಲ. ಅಂಥ ಕಡೆ ನೆಲಮಟ್ಟದಲ್ಲಿ ಒಂದು ಅಡ್ಡಪಟ್ಟಿ ಇಡಬೇಕು.

ಹಂತ 6: ಶೌಚಾಲಯ ಮತ್ತು ಆಸನ

ಮೂಲ ಕೋಣೆಗಳಲ್ಲಿ ಶೌಚಾಲಯ ಕೂರಿಸಲು ಹೋಗದೆ, ಹಸಿರು ಬಣ್ಣ ಹಾಕಿದ ಭಾಗದಲ್ಲೋ ಹೊರಗಿನ ಪ್ರತ್ಯೇಕ ಕಟ್ಟಡದಲ್ಲೋ ಮಾಡಿ. ಒಳಗೆ 152 ಸೆಂ.ಮೀ. ತಿರುಗುವ ಜಾಗ, ಹೊರಕ್ಕೆ ತೆರೆಯುವ ಬಾಗಿಲು, ಹಿಡಿದು ಏಳಲು ಕಂಬಿಗಳು, ನೆಲದ ಮೇಲೆ ಬಿದ್ದವರ ಕೈಗೂ ಎಟಕುವಷ್ಟು ಉದ್ದದ ಕರೆಗಂಟೆಯ ದಾರ ಇರಬೇಕು. ಸ್ವಚ್ಛತೆಯವರು ಆ ದಾರವನ್ನು ಗಂಟು ಹಾಕಿ ಮೇಲೆ ಕಟ್ಟಿರುತ್ತಾರೆ, ಖಾಲಿ ಜಾಗದಲ್ಲಿ ಬಕೆಟ್ಟು, ಪೊರಕೆ, ಮುರಿದ ಕುರ್ಚಿ ಸೇರಿರುತ್ತವೆ. ವಾರಕ್ಕೊಮ್ಮೆ ನೋಡಲು ಒಬ್ಬರನ್ನು ಗೊತ್ತುಮಾಡಿ.

ಎರಡು ಮೂರು ಕೋಣೆಗೊಂದು ಕಡೆ ಕೈಯಾಸರೆಯಿರುವ ಗಟ್ಟಿ ಕುರ್ಚಿ ಇಡಿ. ಮನೆಯ ಮೂಲ ಪೀಠೋಪಕರಣಗಳ ನಡುವೆ ಕೂರಬಹುದಾದ ಕುರ್ಚಿ ಯಾವುದು ಎಂದು ಸಂದೇಹ ಬರದಂತೆ ಅದು ಬೇರೆಯಾಗಿಯೇ ಕಾಣಬೇಕು.

ಹಂತ 7: ಮೇಲ್ಮಹಡಿಗೆ ಮುಂಚೆ ಇಳಿಯುವ ದಾರಿ

ಬೆಂಕಿಯ ವೇಳೆ ಸಾಧಾರಣ ಲಿಫ್ಟನ್ನು ಬಳಸುವಂತಿಲ್ಲ. ಆದ್ದರಿಂದ ಗಾಲಿಕುರ್ಚಿಯಲ್ಲಿ ಮೇಲೆ ಹೋದವರು ಲಿಫ್ಟಿಲ್ಲದೆ ಕೆಳಗೆ ಬರುವುದು ಹೇಗೆಂಬ ಉತ್ತರ ಬರವಣಿಗೆಯಲ್ಲಿ ಸಿದ್ಧವಾಗುವವರೆಗೆ ಮೇಲ್ಮಹಡಿಯನ್ನು ತೆರೆಯಬಾರದು. ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ತುರ್ತು ಕುರ್ಚಿ, ಪ್ರತಿ ಪಾಳಿಯಲ್ಲೂ ಅದನ್ನು ಬಳಸಲು ಕಲಿತ ಕನಿಷ್ಠ ಇಬ್ಬರು, ಕಾದು ಕೂರಲು ಹೊಗೆ ಬಾರದ ಒಂದು ಸುರಕ್ಷಿತ ಜಾಗ ಇವು ಮೂರೂ ಬೇಕು. ತುರ್ತು ಕುರ್ಚಿ ಎಷ್ಟಿದೆಯೋ ಅಷ್ಟೇ ಜನ ಗಾಲಿಕುರ್ಚಿ ಬಳಸುವವರು ಏಕಕಾಲಕ್ಕೆ ಮೇಲಿರಬೇಕೆಂಬ ನಿಯಮವನ್ನು ಮುಂಚೆಯೇ ತಿಳಿಸಿದರೆ ಯಾರೂ ಬೇಸರಪಡುವುದಿಲ್ಲ. ಕಿವಿ ಕೇಳದವರಿಗೆ ಗಂಟೆ ಸಾಲದು. ಮಿನುಗುವ ದೀಪ ಬೇಕು, ಎಲ್ಲಕ್ಕಿಂತ ಮೊದಲು ಶೌಚಾಲಯದೊಳಗೆ.

ಇಷ್ಟಾದ ಮೇಲೆ ಲಿಫ್ಟ್. ಅದಕ್ಕೆ ಜಾಗವನ್ನು ಹಂತ 2ರ ಹಸಿರು ಭಾಗದಲ್ಲಿ ಹುಡುಕಿ: ನಂತರ ಸೇರಿಸಿದ ಕಟ್ಟಡ, ಹಿಂದಿನ ಕೆಲಸದವರ ಮೆಟ್ಟಿಲ ಮಗ್ಗುಲು, ಅಲಂಕಾರವಿಲ್ಲದ ಉಗ್ರಾಣ. ಮನೆಯ ದಾಖಲೆಗಳನ್ನೂ ಒಮ್ಮೆ ತಿರುವಿಹಾಕಿ. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನಲ್ಲಿರುವ ಸ್ಪ್ರಿಂಗ್‌ವುಡ್ ಮನೆಯಲ್ಲಿ, 1921ರಲ್ಲಿ ಪೋಲಿಯೊಗೆ ತುತ್ತಾಗಿ ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಕುಳಿತು, ಹಗ್ಗವನ್ನು ಕೈಯಿಂದ ಎಳೆದುಕೊಂಡು ಮಹಡಿ ಹತ್ತುತ್ತಿದ್ದರು. ನಿಮ್ಮ ಮನೆಯಲ್ಲೂ ಮುಚ್ಚಿಹೋದ ಅಂಥ ಲಿಫ್ಟಿನ ಜಾಗವೊಂದು ಇರಬಹುದು, ಅಥವಾ ಆ ಮನೆಯಲ್ಲಿದ್ದವರಲ್ಲೇ ಅಂಗವೈಕಲ್ಯವಿದ್ದವರ ಕಥೆ ಇರಬಹುದು. ಮೆಟ್ಟಿಲ ಅಂಚಿನ ಕಂಬಿಯ ಮೇಲೆ ಸಾಗುವ ಆಸನವನ್ನು ಅಗ್ಗವೆಂದು ಆರಿಸುವವರು ಗಮನಿಸಬೇಕು: ಅದಕ್ಕೆ ಕುರ್ಚಿಯಿಂದ ಎದ್ದು ಕೂರಬೇಕು, ಮೇಲೆ ಮತ್ತೊಂದು ಗಾಲಿಕುರ್ಚಿ ಸಿದ್ಧವಿರಬೇಕು, ಮತ್ತು ಮೆಟ್ಟಿಲಿನ ತೆರಪು ಕಡಿಮೆಯಾಗುವುದರಿಂದ ಎಲ್ಲರೂ ಪಾರಾಗುವ ದಾರಿಯೇ ಕಿರಿದಾಗುತ್ತದೆ.

ಕೆಲವು ಮನೆಗಳಲ್ಲಿ ಮೇಲಕ್ಕೆ ದಾರಿ ಮಾಡುವುದು ಸಾಧ್ಯವೇ ಇಲ್ಲ. ಆ್ಯಮ್‌ಸ್ಟರ್‌ಡ್ಯಾಮ್‌ನ ಆ್ಯನ್ ಫ್ರಾಂಕ್ ಮನೆಯಲ್ಲಿ, ಆ ಯಹೂದಿ ಬಾಲಕಿಯ ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡಿದ್ದ ಅಡಗುತಾಣದ ಕಡಿದಾದ ಇಕ್ಕಟ್ಟು ಮೆಟ್ಟಿಲುಗಳು ಗಾಲಿಕುರ್ಚಿಗೆ ಒದಗುವುದಿಲ್ಲ. ಮ್ಯೂಸಿಯಂನ ಹೊಸ ಕಟ್ಟಡದ ಭಾಗಕ್ಕೆ ಮಾತ್ರ ಹೋಗಬಹುದು. ಇಕ್ಕಟ್ಟೇ ಆ ಜಾಗದ ಅರ್ಥವಾಗಿರುವಾಗ ಅದನ್ನು ಅಗಲ ಮಾಡುವುದು ತಪ್ಪು. ಹೀಗಿರುವಲ್ಲಿ ಮೂಲೆಯಲ್ಲೊಂದು ಟಿವಿ ಇಟ್ಟು ಐದು ನಿಮಿಷದ ಚಿತ್ರ ತೋರಿಸಿ ಕೈತೊಳೆದುಕೊಳ್ಳಬಾರದು. ಸಿಬ್ಬಂದಿಯೊಬ್ಬರು ಮೊಬೈಲ್ ಹಿಡಿದು ಮೇಲೆ ಹೋಗಲಿ, ಕೆಳಗೆ ಕುಳಿತವರು ದೊಡ್ಡ ಪರದೆಯಲ್ಲಿ ನೋಡುತ್ತ "ಕಿಟಕಿಯ ಹತ್ತಿರ ಹೋಗಿ, ಮೇಜಿನ ಮೇಲಿರುವುದೇನು" ಎಂದು ಕೇಳುತ್ತ ಅವರನ್ನು ನಡೆಸಲಿ. ನೋಟ ಯಾವ ಕಡೆ ಹೊರಳಬೇಕೆಂಬ ಆಯ್ಕೆ ಸಂದರ್ಶಕರ ಕೈಯಲ್ಲಿ ಉಳಿಯುತ್ತದೆ. ಮೇಲಿನ ಕೋಣೆಗಳ ಒಂದೆರಡು ನಿಜವಾದ ವಸ್ತುಗಳನ್ನು ಸರದಿಯ ಮೇಲೆ ಕೆಳಗಿಳಿಸಿ ಇಡಿ. ಅರ್ಧ ಮನೆ ನೋಡುವವರಿಂದ ಪೂರ್ತಿ ಟಿಕೆಟ್ ದರವನ್ನು ತೆಗೆದುಕೊಳ್ಳಬೇಡಿ.

ಹಂತ 8: ನೋಡುವುದು, ಕೇಳುವುದು, ಮುಟ್ಟುವುದು

ಬಟ್ಟೆ, ಕಾಗದ, ಜಲವರ್ಣ ಚಿತ್ರಗಳಿರುವಲ್ಲಿ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ ದಾಟದಂತೆ ನೋಡಿಕೊಳ್ಳುತ್ತಾರೆ. ಹೊರಗಿನ ಬಿಸಿಲಿನಿಂದ ನೇರವಾಗಿ ಅಂಥ ಕೋಣೆಗೆ ಬಂದ ಮಂದದೃಷ್ಟಿಯವರಿಗೆ ಕೆಲ ನಿಮಿಷ ಏನೂ ಕಾಣುವುದಿಲ್ಲ. ವಸ್ತುವಿನ ಮೇಲಿನ ಬೆಳಕು ಹೆಚ್ಚಿಸಲಾಗದಿದ್ದರೂ ಮೆಟ್ಟಿಲ ಅಂಚು, ದಾರಿ ಮತ್ತು ಬರಹಗಳ ಮೇಲೆ ಪ್ರತ್ಯೇಕ ಬೆಳಕು ಬಿಡಬಹುದು. ದಾರಿಯ ಮೊದಲಿಗೆ ಮಧ್ಯಮ ಬೆಳಕಿನ ಕೋಣೆಯೊಂದನ್ನು ಇಟ್ಟು, ಅಲ್ಲಿ ಕುರ್ಚಿ ಹಾಕಿ, ಕಣ್ಣು ಹೊಂದಿಕೊಳ್ಳುವವರೆಗೆ ಕಥೆ ಹೇಳಬಹುದು. ಬರಹಗಳಿಗೆ ಕನಿಷ್ಠ 18 ಪಾಯಿಂಟಿನ ಅಕ್ಷರ, ಹೊಳಪಿಲ್ಲದ ಕಾಗದ, ಕುಳಿತವರ ಕಣ್ಣಿಗೆ ಎಟಕುವ ಎತ್ತರ ಇರಲಿ. ನಿಂತವರಿಗೆಂದು ಇಟ್ಟ ಗಾಜಿನ ಪೆಟ್ಟಿಗೆಯಲ್ಲಿ ಕುಳಿತವರಿಗೆ ಕಾಣುವುದು ಅದರ ಅಂಚು ಮತ್ತು ದೀಪದ ಪ್ರತಿಬಿಂಬ ಮಾತ್ರ.

ಕಣ್ಣು ಕಾಣದವರಿಗೆ ಬ್ರೈಲ್ ಫಲಕ ಒಂದೇ ಸಾಲದು, ಏಕೆಂದರೆ ಅವರಲ್ಲಿ ಎಲ್ಲರೂ ಬ್ರೈಲ್ ಓದುವುದಿಲ್ಲ. ಕೋಣೆಯನ್ನು ಬಾಗಿಲಿನಿಂದ ಎಡಕ್ಕೆ, ಗೋಡೆಗುಂಟ, ಕ್ರಮವಾಗಿ ವರ್ಣಿಸುವ ಧ್ವನಿಮುದ್ರಣ, ಮನೆಯ ಒಟ್ಟು ಆಕಾರವನ್ನು ಬೆರಳಲ್ಲಿ ತಿಳಿಯುವಂಥ ಒಂದು ಮಾದರಿ, ಮುಟ್ಟಿ ನೋಡಲು ನಕಲು ವಸ್ತುಗಳು ಇವು ಮೂರು ಹೆಚ್ಚು ಉಪಯೋಗಕ್ಕೆ ಬರುತ್ತವೆ. ನಕಲನ್ನು ಮೂಲದ ತೂಕಕ್ಕೆ, ಮೂಲದ ಸಾಮಗ್ರಿಯಲ್ಲೇ ಮಾಡಿಸಿ. ಪ್ಲಾಸ್ಟಿಕ್ಕಿನ ಹಗುರ ಬೀಗ ಕಬ್ಬಿಣದ ಬೀಗದ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಮಾರ್ಗದರ್ಶಕರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಅವರ ಮುಖ ಕಪ್ಪಾಗಿ, ತುಟಿ ಓದುವವರಿಗೆ ಏನೂ ಸಿಗುವುದಿಲ್ಲ. ನಡೆಯುತ್ತ ಮಾತನಾಡುವುದನ್ನೂ ಬಿಡಬೇಕು. ಶ್ರವಣಯಂತ್ರದಲ್ಲಿ ಟೆಲಿಕಾಯಿಲ್ (ಕಾಂತೀಯ ಸಂಕೇತ ಹಿಡಿಯುವ ಸಣ್ಣ ಸುರುಳಿ) ಇರುವವರಿಗೆ, ಮಾತನ್ನು ನೇರವಾಗಿ ಅದಕ್ಕೇ ಕಳುಹಿಸುವ, ಕೊರಳಿಗೆ ಹಾಕುವ ಇಂಡಕ್ಷನ್ ಲೂಪ್ ಕೊಟ್ಟರೆ ಗೋಡೆಗೆ ತಂತಿ ಎಳೆಯುವ ಕೆಲಸವೇ ಇರುವುದಿಲ್ಲ. ಸಂಜ್ಞಾ ಭಾಷೆಯ ವೀಡಿಯೊ ಮಾಡಿಸುವಾಗ ಅದೇ ಭಾಷೆಯನ್ನಾಡುವ ಕಿವುಡರೇ ಪರದೆಯ ಮೇಲಿರಲಿ. ಸದ್ದು, ಗುಂಪು ತಾಳಲಾರದವರಿಗೆ ವಾರದಲ್ಲಿ ಒಂದೆರಡು ಶಾಂತ ಗಂಟೆ ಮೀಸಲಿಟ್ಟು, ಯಾವ ಕೋಣೆಯಲ್ಲಿ ಗಡಿಯಾರ ಬಡಿಯುತ್ತದೆ, ಎಲ್ಲಿ ಕತ್ತಲಿದೆ ಎಂದು ಮುಂಚೆಯೇ ತಿಳಿಸುವ ಒಂದು ಪುಟದ ನಕ್ಷೆ ಕೊಡಿ.

ಹಂತ 9: ಬರುವ ಮುಂಚಿನ ಮಾಹಿತಿ ಮತ್ತು ಬಾಗಿಲಲ್ಲಿ ನಿಂತವರು

"ಅಂಗವಿಕಲ ಸ್ನೇಹಿ" ಎಂಬ ಎರಡು ಪದ ಯಾರಿಗೂ ಏನನ್ನೂ ಹೇಳುವುದಿಲ್ಲ. ಅತಿ ಕಿರಿದಾದ ಬಾಗಿಲಿನ ತೆರಪು ಎಷ್ಟು ಸೆಂಟಿಮೀಟರ್, ದಾರಿಯಲ್ಲಿ ಎಷ್ಟು ಮೆಟ್ಟಿಲು, ಲಿಫ್ಟಿನ ಒಳ ಅಳತೆ ಮತ್ತು ಅದು ಹೊರುವ ತೂಕ, ಶೌಚಾಲಯ ಎಲ್ಲಿದೆ, ಯಾವ ಕೋಣೆಗಳಿಗೆ ಹೋಗಲಾಗದು ಎಂದು ಫೋಟೊಗಳೊಡನೆ ಬರೆಯಿರಿ. ಹೋಗಬಹುದೋ ಇಲ್ಲವೋ ಎಂಬುದನ್ನು ತಮ್ಮ ಕುರ್ಚಿಯ ಅಳತೆ ಬಲ್ಲವರು ತಾವೇ ನಿರ್ಧರಿಸಿಕೊಳ್ಳುತ್ತಾರೆ.

ಸಿಬ್ಬಂದಿಗೆ ಕಲಿಸಬೇಕಾದದ್ದು ಹೆಚ್ಚಿಲ್ಲ, ಆದರೆ ಹೊಸಬರು ಬಂದಾಗಲೆಲ್ಲ ಕಲಿಸಬೇಕು. ಕೇಳದೆ ಕುರ್ಚಿ ಮುಟ್ಟಬಾರದು, ಜೊತೆಯಲ್ಲಿ ಬಂದವರನ್ನು ಬಿಟ್ಟು ಸಂದರ್ಶಕರನ್ನೇ ಮಾತನಾಡಿಸಬೇಕು, ಕಣ್ಣು ಕಾಣದವರನ್ನು ಎಳೆದುಕೊಂಡು ಹೋಗದೆ ತಮ್ಮ ಮೊಣಕೈ ನೀಡಬೇಕು, ಸಹಾಯಕ ನಾಯಿಯನ್ನು ತಡೆಯಬಾರದು.

ಹಂತ 10: ತೆರೆದ ಮೇಲಿನ ತಪಾಸಣೆ

ಹಂತ 3ರ ಗುಂಪನ್ನೇ ಮತ್ತೆ ಕರೆದು, ಯಾರ ನೆರವೂ ಇಲ್ಲದೆ ಗೇಟಿನಿಂದ ಗೇಟಿನವರೆಗೆ ಹೋಗಿಬರಲು ಕೇಳಿ, ಅವರು ನಿಂತ ಪ್ರತಿ ಜಾಗವನ್ನೂ ಬರೆದುಕೊಳ್ಳಿ. ಅನಂತರ ತಿಂಗಳಿಗೊಮ್ಮೆ ಆ ರಟ್ಟಿನ ಹಾಳೆಯನ್ನು ಹೊರತೆಗೆದು ದಾರಿಯುದ್ದಕ್ಕೂ ಜರುಗಿಸಿ. ಹೂಕುಂಡವೊಂದು, ಪುಸ್ತಕ ಮಾರುವ ಮೇಜೊಂದು, ಯಾವುದೋ ವಿಶೇಷ ಪ್ರದರ್ಶನದ ಫಲಕವೊಂದು ದಾರಿಗೆ ಬಂದು ನಿಂತಿರುವುದು ಆಗ ಗೊತ್ತಾಗುತ್ತದೆ. ಮಳೆ ಬಂದ ಮರುದಿನ ರ‍್ಯಾಂಪ್ ಮೇಲೆ ಪಾಚಿ ಕಟ್ಟಿದೆಯೇ ನೋಡಿ, ಹೊಸ್ತಿಲ ಹೊದಿಕೆ ಜರುಗಿದ್ದರೆ ಮತ್ತೆ ಕೂರಿಸಿ, ಲಿಫ್ಟನ್ನು ಯಾರೂ ಬಳಸದ ದಿನವೂ ಒಮ್ಮೆ ಓಡಿಸಿ. ಲಿಫ್ಟಿನ ಬೀಗದ ಕೈ ಯಾರೋ ರಜೆಯಲ್ಲಿರುವವರ ಜೇಬಿನಲ್ಲಿದ್ದರೆ ಆ ದಿನದ ಮಟ್ಟಿಗೆ ಮೇಲ್ಮಹಡಿ ಮುಚ್ಚಿದೆ ಎಂದು ಗೇಟಿನ ಫಲಕದಲ್ಲಿ ಬರೆದು ಹಾಕಿ, ಕೀಲಿಯ ಇನ್ನೊಂದು ಪ್ರತಿಯನ್ನು ಅದೇ ದಿನ ಮಾಡಿಸಿ.